ಬೈಕ್ ಸಾಗಿಸಲು ಹಳೆಯ ವ್ಯಾನ್: ಯಾವ ಅಳತೆ, ಯಾವ ಮಾದರಿ, ಯಾವ ಸ್ಥಿತಿ

ಮೋಟಾರ್‌ಸೈಕಲ್ ಒಯ್ಯುವುದಕ್ಕೆಂದು ಸೆಕೆಂಡ್ ಹ್ಯಾಂಡ್ ವ್ಯಾನ್ ಹುಡುಕುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಒಳಗೆ ಎಷ್ಟು ಘನ ಮೀಟರ್ ಜಾಗವಿದೆ ಎಂಬುದನ್ನು. ಸರಕು ಸಾಗಿಸುವವರಿಗೆ ಈ ಎರಡು ಅಂಕಿಗಳು ಮುಖ್ಯವಾದರೂ ಬೈಕ್ ಹೇರುವವರಿಗೆ ಇವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಬಹುದು. ಬೈಕನ್ನಾದರೋ ಇಳಿಜಾರಿನ ಹಲಗೆಯ ಮೇಲೆ ತಳ್ಳಿ, ಬಾಗಿಲ ಚೌಕಟ್ಟಿನಡಿ ತೂರಿಸಿ, ಒಳಗೆ ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು, ಅದನ್ನೂ ಬಹಳ ಸಲ ಒಬ್ಬರೇ ಮಾಡಬೇಕು. ಆದ್ದರಿಂದ ಈ ಕೆಲಸಕ್ಕೆ ವ್ಯಾನನ್ನು ಅಳೆಯಬೇಕಾದದ್ದು ರಸ್ತೆಯಿಂದ ವ್ಯಾನಿನ ನೆಲದವರೆಗಿನ ಎತ್ತರ, ಹಿಂಬಾಗಿಲಿನ ತೆರವಿನ ಎತ್ತರ ಮತ್ತು ನೆಲದ ಮಟ್ಟದಲ್ಲಿ ಸಿಗುವ ಉದ್ದ ಎಂಬ ಮೂರು ಲೆಕ್ಕಗಳಿಂದ. ಇವು ಹೊಂದಿದ ಮೇಲೆಯೇ ಎಂಜಿನ್, ತುಕ್ಕು, ದಾಖಲೆಗಳ ಮಾತು. ಈ ಕ್ರಮವನ್ನು ತಿರುವುಮುರುವು ಮಾಡಿದವರು ಎಷ್ಟೇ ಚೊಕ್ಕವಾದ ವ್ಯಾನ್ ಕೊಂಡರೂ ಪ್ರತಿ ಸಲ ಕನ್ನಡಿ ಬಿಚ್ಚಿ, ಗಾಜು ಬಿಚ್ಚಿ ಬೈಕ್ ಹೇರುವ ಪಾಡು ತಪ್ಪುವುದಿಲ್ಲ.

ಬೈಕಿನ ಅಳತೆ ಮೊದಲು

ವ್ಯಾನ್ ನೋಡಲು ಹೊರಡುವ ಮುಂಚೆ ಬೈಕನ್ನೇ ಟೇಪ್ ಹಿಡಿದು ಅಳೆದುಕೊಳ್ಳಬೇಕು. ಕೈಪಿಡಿಯಲ್ಲಿ ಮುದ್ರಿಸಿದ ಉದ್ದವನ್ನು ಪೂರ್ತಿ ನಂಬುವಂತಿಲ್ಲ. ಹಿಂದೆ ಕೂರಿಸಿದ ಪೆಟ್ಟಿಗೆಯ ಕಂಬಿ, ಬದಲಾಯಿಸಿದ ಎತ್ತರದ ಹ್ಯಾಂಡಲ್‌ಬಾರ್, ದೊಡ್ಡದಾದ ಮುಂಗಾಜು ಇವು ಯಾವುವೂ ಅಲ್ಲಿ ಲೆಕ್ಕಕ್ಕೆ ಬಂದಿರುವುದಿಲ್ಲ. 450 ಸಿಸಿಯ ಮೋಟೋಕ್ರಾಸ್ ಬೈಕ್ ಸುಮಾರು 2.2 ಮೀಟರ್ ಉದ್ದವಿದ್ದು 110 ಕಿಲೋ ಆಸುಪಾಸು ತೂಗುತ್ತದೆ, ಆದರೆ ಅದರ ಹ್ಯಾಂಡಲ್‌ಬಾರಿನ ಅಗಲ 80 ಸೆಂಟಿಮೀಟರ್ ದಾಟುತ್ತದೆ. ರೇಸ್ ಮಾದರಿಯ ಸ್ಪೋರ್ಟ್ಸ್ ಬೈಕುಗಳು 2.0ರಿಂದ 2.1 ಮೀಟರ್ ಉದ್ದ, 200 ಕಿಲೋ ಆಸುಪಾಸು ತೂಕದವು; ಎತ್ತರ ಕಡಿಮೆಯಿರುವುದರಿಂದ ಬಾಗಿಲಿನಡಿ ಸಲೀಸಾಗಿ ನುಗ್ಗಿದರೂ ಹೊಟ್ಟೆ ನೆಲಕ್ಕೆ ಹತ್ತಿರವಿರುವುದರಿಂದ ಹಲಗೆಯ ತುದಿಯಲ್ಲಿ ತಗಲುತ್ತವೆ. ಬಿಎಂಡಬ್ಲ್ಯೂ ಆರ್1250ಜಿಎಸ್‌ನಂತಹ ಸಾಹಸ ಬೈಕ್ 2.2 ಮೀಟರ್ ಉದ್ದ, 249 ಕಿಲೋ ತೂಕ, ಗಾಜಿನ ತುದಿಯವರೆಗೆ 1.43 ಮೀಟರ್ ಎತ್ತರ. ಹೋಂಡಾ ಗೋಲ್ಡ್ ವಿಂಗ್ ಬಗೆಯ ದೊಡ್ಡ ಪ್ರವಾಸಿ ಬೈಕುಗಳು ಎರಡೂವರೆ ಮೀಟರಿನ ಆಸುಪಾಸಿನವು, ತೂಕವಂತೂ 350 ಕಿಲೋ ದಾಟುತ್ತದೆ.

ಉದ್ದವನ್ನು ಮುಂದಿನ ಟೈರಿನ ಮೂತಿಯಿಂದ ನಂಬರ್ ಪ್ಲೇಟಿನ ಕೊನೆಯವರೆಗೆ, ಎತ್ತರವನ್ನು ನೆಲದಿಂದ ಕನ್ನಡಿಯ ಅಥವಾ ಗಾಜಿನ ತುದಿಯವರೆಗೆ, ಅಗಲವನ್ನು ಹ್ಯಾಂಡಲ್‌ಬಾರ್ ಮತ್ತು ಪಕ್ಕದ ಪೆಟ್ಟಿಗೆಗಳಿರುವಲ್ಲಿ ಪ್ರತ್ಯೇಕವಾಗಿ ಅಳೆಯುವುದು ಕ್ರಮ. ಕನ್ನಡಿಗಳು ಮಡಚುವಂಥವಾದರೆ ಮಡಚಿದ ಅಳತೆಯನ್ನೂ ಬರೆದುಕೊಳ್ಳಬಹುದು. ಉದ್ದದ ಅಳತೆಗೆ ಕನಿಷ್ಠ 10ರಿಂದ 15 ಸೆಂಟಿಮೀಟರ್ ಸೇರಿಸಿಕೊಳ್ಳುವುದು ವಾಸಿ. ಹಿಂದಿನ ಬೆಲ್ಟುಗಳನ್ನು ಬಿಗಿಯಲು ಕೈಯಾಡುವಷ್ಟು ಜಾಗ ಬೇಕು, ಬಾಗಿಲಿನ ಒಳಮೈಯಲ್ಲಿ ಉಬ್ಬಿಕೊಂಡಿರುವ ಬೀಗದ ಭಾಗವೂ ಒಂದಿಷ್ಟು ಉದ್ದವನ್ನು ತಿನ್ನುತ್ತದೆ.

ಚಿಕ್ಕ ವ್ಯಾನುಗಳು

ಫೋರ್ಡ್ ಟ್ರಾನ್ಸಿಟ್ ಕನೆಕ್ಟ್, ರೆನೊ ಕಾಂಗೂ, ಸಿಟ್ರೊಯೆನ್ ಬೆರ್ಲಿಂಗೊ, ನಿಸ್ಸಾನ್ ಎನ್‌ವಿ200 ಈ ವರ್ಗದವು. ಕಾರಿನಂತೆ ಓಡುತ್ತವೆ, ಇಂಧನ ಕಡಿಮೆ ಕುಡಿಯುತ್ತವೆ, ಎಲ್ಲೆಂದರಲ್ಲಿ ಪಾರ್ಕ್ ಮಾಡಬಹುದು. ತೊಂದರೆಯೆಂದರೆ ಗಿಡ್ಡ ಆವೃತ್ತಿಗಳಲ್ಲಿ ನೆಲದ ಉದ್ದ ಸುಮಾರು 1.8ರಿಂದ 2 ಮೀಟರ್ ಮಾತ್ರ. ಅಂದರೆ ಮೇಲೆ ಹೇಳಿದ ಬೈಕುಗಳಲ್ಲಿ ಹೆಚ್ಚಿನವು ನೇರವಾಗಿ ಹಿಡಿಸುವುದಿಲ್ಲ. ಓರೆಯಾಗಿ ನಿಲ್ಲಿಸುವುದು, ಪ್ರಯಾಣಿಕರ ಸೀಟನ್ನು ಮಡಚಿ ಮುಂಚಕ್ರವನ್ನು ಅಲ್ಲಿಗೆ ಚಾಚುವುದು ಅಥವಾ ಮುಂಚಕ್ರವನ್ನೇ ಬಿಚ್ಚಿ ಫೋರ್ಕಿನ ಕಾಲುಗಳನ್ನು ನೆಲಕ್ಕೆ ಬೋಲ್ಟ್ ಮಾಡಿದ ಹಿಡಿಕೆಗೆ ಸಿಕ್ಕಿಸುವುದು ಈ ವರ್ಗದಲ್ಲಿ ರೂಢಿಯಲ್ಲಿರುವ ಉಪಾಯಗಳು. 70 ಕಿಲೋ ಆಸುಪಾಸಿನ ಟ್ರಯಲ್ಸ್ ಬೈಕ್ ಅಥವಾ ಮಕ್ಕಳ ಮೋಟೋಕ್ರಾಸ್ ಬೈಕ್ ಒಯ್ಯುವವರಿಗೆ ಇದು ಸಾಕು. ಪೂರ್ಣ ಗಾತ್ರದ ಬೈಕನ್ನು ತಿಂಗಳಿಗೆ ಹಲವು ಸಲ ಹೇರಿ ಇಳಿಸುವವರಿಗೆ ಈ ವರ್ಗವನ್ನು ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ. ಓರೆಯಾಗಿ ನಿಂತ ಬೈಕನ್ನು ಎಡಬಲ ಸಮವಾಗಿ ಜಗ್ಗಿ ಕಟ್ಟುವುದು ಕಷ್ಟ, ಸಮವಾಗಿ ಜಗ್ಗದ ಬೈಕ್ ತಿರುವುಗಳಲ್ಲಿ ನಿಧಾನವಾಗಿ ಒಂದು ಪಕ್ಕಕ್ಕೆ ಕುಸಿಯುತ್ತದೆ.

ಮಧ್ಯಮ ವ್ಯಾನುಗಳು

ಒಂದೇ ಬೈಕ್ ಒಯ್ಯುವವರಲ್ಲಿ ಬಹುಪಾಲು ಮಂದಿಗೆ ಉತ್ತರ ಇಲ್ಲಿಯೇ ಇದೆ. ರೆನೊ ಟ್ರಾಫಿಕ್, ಅದರ ಒಡಹುಟ್ಟುಗಳಾದ ಓಪೆಲ್ ವಿವಾರೊ ಮತ್ತು ನಿಸ್ಸಾನ್ ಪ್ರಿಮಾಸ್ಟಾರ್; ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್, 2012ರಿಂದ ಬಂದ ಫೋರ್ಡ್ ಟ್ರಾನ್ಸಿಟ್ ಕಸ್ಟಮ್, ಮರ್ಸಿಡಿಸ್ ವೀಟೊ, ಟೊಯೋಟಾ ಹೈಏಸ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. 2001ರಿಂದ 2014ರವರೆಗಿನ ಟ್ರಾಫಿಕ್‌ನಲ್ಲಿ ಗಿಡ್ಡ ಆವೃತ್ತಿಯ ನೆಲ 2.4 ಮೀಟರ್, ಉದ್ದನೆಯದರಲ್ಲಿ 2.8 ಮೀಟರ್. 2003ರಿಂದ 2015ರವರೆಗಿನ ಟ್ರಾನ್ಸ್‌ಪೋರ್ಟರ್ ಟಿ5ರಲ್ಲಿ ಇದು ಸುಮಾರು 2.57 ಮತ್ತು 2.97 ಮೀಟರ್, ಟ್ರಾನ್ಸಿಟ್ ಕಸ್ಟಮ್‌ನ ಗಿಡ್ಡ ಆವೃತ್ತಿಯಲ್ಲಿ ಸುಮಾರು 2.55. ಅಂದರೆ 2.2 ಮೀಟರಿನ ಬೈಕ್ ಎಲ್ಲದರಲ್ಲೂ ನೇರವಾಗಿ ನಿಲ್ಲುತ್ತದೆ, ಟ್ರಾಫಿಕ್‌ನ ಗಿಡ್ಡ ಆವೃತ್ತಿಯಲ್ಲಿ ಮಾತ್ರ ಹಿಂದಿನ ಬೆಲ್ಟುಗಳಿಗೆ ಜಾಗ ಬಿಗಿಯಾಗುತ್ತದೆ.

ಈ ವರ್ಗದಲ್ಲಿ ನಿಜವಾದ ಅಡ್ಡಿ ಎತ್ತರ. ತಗ್ಗು ಸೂರಿನ ಟ್ರಾಫಿಕ್, ಟಿ5, ಕಸ್ಟಮ್ ಮೂರರಲ್ಲೂ ಒಳಗಿನ ಎತ್ತರ 1.4 ಮೀಟರಿನ ಆಸುಪಾಸು; ಹಿಂಬಾಗಿಲಿನ ತೆರವು ಅದಕ್ಕಿಂತಲೂ ತಗ್ಗು, ಟಿ5ರಲ್ಲಿ ಸುಮಾರು 1.3 ಮೀಟರ್. ಸಾಮಾನ್ಯ ಸೂರಿನ ಹೈಏಸ್‌ನ ಒಳಭಾಗವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಸ್ಪೋರ್ಟ್ಸ್ ಬೈಕ್ ಅಥವಾ ಮೋಟೋಕ್ರಾಸ್ ಬೈಕ್ ಇರುವವರು ತಗ್ಗು ಸೂರಿನಿಂದ ತೃಪ್ತರಾಗಬಹುದು, ಆದರೆ ಎತ್ತರದ ಗಾಜುಳ್ಳ ಸಾಹಸ ಬೈಕಿನವರು ಎತ್ತರದ ಸೂರಿನ ಆವೃತ್ತಿಯನ್ನೇ ಹುಡುಕಬೇಕು, ಇಲ್ಲವೇ ಪ್ರತಿ ಸಲವೂ ಗಾಜು ಬಿಚ್ಚುವುದಕ್ಕೆ ಸಿದ್ಧರಿರಬೇಕು. ಇದರಲ್ಲೊಂದು ಸಣ್ಣ ಸಮಾಧಾನವಿದೆ. ಹ್ಯಾಂಡಲ್‌ಬಾರ್ ಬಾಗಿಲ ಚೌಕಟ್ಟನ್ನು ದಾಟುವ ಹೊತ್ತಿಗೆ ಹಿಂಚಕ್ರ ಇನ್ನೂ ಹಲಗೆಯ ಮೇಲೆಯೇ ಇರುತ್ತದೆ. ಬೈಕ್ ಹಿಂದಕ್ಕೆ ವಾಲಿರುವುದರಿಂದ ಮುಂಚಕ್ರಕ್ಕಿಂತ ಹಿಂದಿರುವ ಹ್ಯಾಂಡಲ್‌ಬಾರ್, ಸಮನೆಲದಲ್ಲಿ ನಿಂತಾಗಿನದಕ್ಕಿಂತ ಕೆಲವು ಸೆಂಟಿಮೀಟರ್ ತಗ್ಗಿನಲ್ಲಿ ಸಾಗುತ್ತದೆ. ತಳ್ಳುವವರ ಬೆನ್ನಿಗೆ ಮಾತ್ರ ಇಂಥ ಯಾವ ರಿಯಾಯಿತಿಯೂ ಇಲ್ಲ, 1.4 ಮೀಟರ್ ಸೂರಿನಡಿ ಬಗ್ಗಿಕೊಂಡು ನಾಲ್ಕು ಬೆಲ್ಟ್ ಬಿಗಿಯುವುದು ಬೆನ್ನುನೋವಿನವರ ಕೆಲಸವಲ್ಲ.

ತಗ್ಗು ಸೂರಿಗೆ ಇನ್ನೊಂದು ಮುಖವೂ ಇದೆ. ಟಿ5, ಟ್ರಾಫಿಕ್ ಇವುಗಳ ಒಟ್ಟು ಎತ್ತರ ಎರಡು ಮೀಟರಿನ ಒಳಗೇ ಇರುವುದರಿಂದ ಬಹುಮಹಡಿ ಪಾರ್ಕಿಂಗ್‌ಗಳಲ್ಲಿಯೂ ಸಾಮಾನ್ಯವಾಗಿ ನುಗ್ಗುತ್ತವೆ. ವಾರವಿಡೀ ಮನೆಯ ಗಾಡಿಯಾಗಿ ಓಡಾಡಿ ವಾರಾಂತ್ಯಕ್ಕೆ ಮಾತ್ರ ಬೈಕ್ ಒಯ್ಯುವ ವ್ಯಾನಿನ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಎರಡನೇ ಸಾಲಿನ ಸೀಟುಗಳಿರುವ ಆವೃತ್ತಿಗಳತ್ತ ಆಸೆಪಡುವವರು ಒಂದನ್ನು ಗಮನಿಸಬೇಕು: ಹೆಚ್ಚುವರಿ ಸೀಟು ಬಂದೊಡನೆ ನೆಲದ ಉದ್ದ ಬೈಕಿನ ಉದ್ದಕ್ಕಿಂತ ಕಡಿಮೆಯಾಗುತ್ತದೆ. ಉದ್ದನೆಯ ಆವೃತ್ತಿಯಾಗಿ, ಸೀಟು ಬಿಚ್ಚಿ ತೆಗೆಯುವಂಥದ್ದಾದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ದೊಡ್ಡ ವ್ಯಾನುಗಳು

ಎರಡು ಬೈಕ್, ಉಪಕರಣಗಳ ಪೆಟ್ಟಿಗೆ, ಬಿಡಿ ಚಕ್ರಗಳು, ಮಲಗುವ ಮಂಚ ಎಲ್ಲವೂ ಒಟ್ಟಿಗೆ ಬೇಕಾದವರು ದೊಡ್ಡ ವ್ಯಾನಿಗೆ ಹೋಗಲೇಬೇಕು. 2006ರಿಂದ ತಯಾರಾಗುತ್ತಿರುವ ಫಿಯಾಟ್ ಡುಕಾಟೊ ಮತ್ತು ಅದರದೇ ಒಡಲಿನ ಪ್ಯೂಜೊ ಬಾಕ್ಸರ್, ಸಿಟ್ರೊಯೆನ್ ಜಂಪರ್, ಅಮೆರಿಕದಲ್ಲಿ ರಾಮ್ ಪ್ರೊಮಾಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಾಡಿ ಬೈಕ್ ಸಾಗಣೆಗೆ ಹೇಳಿ ಮಾಡಿಸಿದಂತಿವೆ ಎನ್ನಬಹುದು. ಮುಂಚಕ್ರಗಳಿಂದ ಎಳೆಯುವ ಗಾಡಿಯಾದ್ದರಿಂದ ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನೆಲದಡಿ ಇಲ್ಲ, ನೆಲ ರಸ್ತೆಯಿಂದ 54 ಸೆಂಟಿಮೀಟರಿನಷ್ಟೇ ಮೇಲಿದೆ. ಒಳಗಿನ ಗೋಡೆಗಳು ಬಹುಪಾಲು ನೆಟ್ಟಗಿದ್ದು ಅಗಲ 1.87 ಮೀಟರ್, ಚಕ್ರದ ಗೂಡುಗಳ ನಡುವೆ 1.42 ಮೀಟರ್. ನೆಲದ ಉದ್ದ ಆವೃತ್ತಿಗೆ ತಕ್ಕಂತೆ 2.67, 3.12, 3.70 ಮತ್ತು 4.07 ಮೀಟರ್; ಮಧ್ಯಮ ಸೂರಿನ ಆವೃತ್ತಿಯ ಒಳ ಎತ್ತರ 1.93 ಮೀಟರ್ ಇರುವುದರಿಂದ ಹೆಚ್ಚಿನವರು ನೆಟ್ಟಗೆ ನಿಂತೇ ಬೆಲ್ಟ್ ಕಟ್ಟಬಹುದು. ಎರಡು ಬೈಕುಗಳನ್ನು ಒಂದರ ಮೂತಿ ಮುಂದಕ್ಕೆ, ಇನ್ನೊಂದರ ಮೂತಿ ಹಿಂದಕ್ಕೆ ಮಾಡಿ ನಿಲ್ಲಿಸಿದರೆ ಹ್ಯಾಂಡಲ್‌ಬಾರುಗಳು ಒಂದಕ್ಕೊಂದು ತಗಲುವುದಿಲ್ಲ, 3.12 ಮೀಟರ್ ಉದ್ದದ, ಮಧ್ಯಮ ಸೂರಿನ ಡುಕಾಟೊ ಈ ಕೆಲಸಕ್ಕೆ ಕೊರತೆಯೂ ಇಲ್ಲದ, ಅತಿಯೂ ಆಗದ ಅಳತೆ ಎಂಬುದು ನನ್ನ ಅಭಿಪ್ರಾಯ.

ಮರ್ಸಿಡಿಸ್ ಸ್ಪ್ರಿಂಟರ್ ಇದಕ್ಕಿಂತ ಗಟ್ಟಿಮುಟ್ಟು ಎಂಬ ಹೆಸರು ಪಡೆದಿದೆ, ದೂರದ ಹೆದ್ದಾರಿ ಪ್ರಯಾಣದಲ್ಲಿ ಆರಾಮವೂ ಹೌದು. ಆದರೆ ಹಳೆಯ ಸ್ಪ್ರಿಂಟರ್‌ಗಳು ಹಿಂಚಕ್ರದಿಂದ ಓಡುವಂಥವು, ನೆಲ 65ರಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ. 2006ರಿಂದ 2016ರವರೆಗಿನ ಫೋಕ್ಸ್‌ವ್ಯಾಗನ್ ಕ್ರಾಫ್ಟರ್ ಕೂಡ ಅದೇ ಒಡಲಿನದು. ಫೋರ್ಡ್ ಟ್ರಾನ್ಸಿಟ್‌ನಲ್ಲಿ ಮುಂಚಕ್ರ ಚಾಲನೆ, ಹಿಂಚಕ್ರ ಚಾಲನೆ ಎರಡೂ ಇದ್ದು, ಎರಡನೆಯದರ ನೆಲ ಸುಮಾರು 10 ಸೆಂಟಿಮೀಟರ್ ಎತ್ತರ. ಜಾಹೀರಾತಿನಲ್ಲಿ ಎರಡೂ ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳುವುದರಿಂದ ಮಾರುವವರನ್ನು ಕೇಳಿಯೇ ತಿಳಿದುಕೊಳ್ಳಬೇಕು. ಇನ್ನು ಅಮೆರಿಕದ ಹಳೆಯ ಬಗೆಯ ವ್ಯಾನುಗಳಾದ ಷೆವರ್ಲೆ ಎಕ್ಸ್‌ಪ್ರೆಸ್ ಮತ್ತು 2014ರವರೆಗೆ ಬಂದ ಫೋರ್ಡ್ ಇ-ಸೀರೀಸ್. ಇವು ಪ್ರತ್ಯೇಕ ಚಾಸಿಸ್ ಮೇಲೆ ಕಟ್ಟಿದ, ದೊಡ್ಡ ಪೆಟ್ರೋಲ್ ಎಂಜಿನ್ನಿನ ಸರಳ ಗಾಡಿಗಳು, ಬಿಡಿಭಾಗ ಹೇರಳ, ಉದ್ದಕ್ಕೂ ಕೊರತೆಯಿಲ್ಲ. ಆದರೆ ನೆಲ ಎತ್ತರ, ಸೂರು ತಗ್ಗು, ಇಂಧನದ ಖರ್ಚು ವಿಪರೀತ. ಅಪರೂಪಕ್ಕೆ, ತಗ್ಗಿನ ಬೈಕ್ ಒಯ್ಯುವವರಿಗೆ ಸರಿ.

ನೆಲದ ಎತ್ತರದ ಲೆಕ್ಕ

ನೆಲದ ಎತ್ತರಕ್ಕೆ ಇಷ್ಟು ಒತ್ತು ಏಕೆಂದರೆ ಅದರ ಲೆಕ್ಕ ಬಹಳ ಸರಳ ಮತ್ತು ನಿಷ್ಠುರ. ಬೈಕಿನ ತೂಕವನ್ನು ನೆಲದ ಎತ್ತರದಿಂದ ಗುಣಿಸಿ ರಾಂಪಿನ, ಅಂದರೆ ಹತ್ತಿಸುವ ಹಲಗೆಯ, ಉದ್ದದಿಂದ ಭಾಗಿಸಿದರೆ ಎಷ್ಟು ಕಿಲೋ ಭಾರದಷ್ಟು ಬಲದಿಂದ ತಳ್ಳಬೇಕೆಂಬುದು ಸಿಗುತ್ತದೆ. 200 ಕಿಲೋ ಬೈಕನ್ನು ಎರಡು ಮೀಟರಿನ ಹಲಗೆಯ ಮೇಲೆ 54 ಸೆಂಟಿಮೀಟರ್ ಎತ್ತರಕ್ಕೆ ಹತ್ತಿಸಲು 54 ಕಿಲೋ ಬಲ ಬೇಕು. ಅದೇ ಹಲಗೆ, ಅದೇ ಬೈಕ್, 70 ಸೆಂಟಿಮೀಟರ್ ಎತ್ತರದ ನೆಲವಾದರೆ 70 ಕಿಲೋ. ಹಲಗೆಯ ಉದ್ದವನ್ನು 2.4 ಮೀಟರಿಗೆ ಏರಿಸಿದರೆ ಇವು ಕ್ರಮವಾಗಿ 45 ಮತ್ತು 58 ಕಿಲೋಗೆ ಇಳಿಯುತ್ತವೆ. ಉದ್ದನೆಯ ಹಲಗೆಯಿಂದ ಇಳಿಜಾರು ತಗ್ಗುವುದರಿಂದ ಹೊಟ್ಟೆ ತಗಲುವ ತೊಂದರೆಯೂ ಕಡಿಮೆಯಾಗುತ್ತದೆ, ಆದರೆ ಆ ಹಲಗೆಯನ್ನು ಬೈಕಿನ ಪಕ್ಕದಲ್ಲಿಯೇ ಒಯ್ಯಬೇಕಾದ್ದರಿಂದ ಮಡಚುವಂಥದ್ದೇ ಬೇಕಾಗುತ್ತದೆ. ಹಲವರು ಕ್ಲಚ್ ಹಿಡಿದು ಎಂಜಿನ್ನಿನ ಬಲದಿಂದ ಬೈಕ್ ಹತ್ತಿಸುತ್ತಾರೆ. ಹಾಗೆ ಮಾಡುವಾಗ ರಸ್ತೆಯ ಮೇಲೆ ನಡೆಯುವ ವ್ಯಕ್ತಿ ಕೊನೆಯ ಗಳಿಗೆಯಲ್ಲಿ ಅರ್ಧ ಮೀಟರಿಗಿಂತ ಎತ್ತರದ ವ್ಯಾನಿನ ನೆಲಕ್ಕೆ ಕಾಲಿಡಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಪಕ್ಕದಲ್ಲಿ ಇನ್ನೊಂದು ಅಗಲವಾದ ಹಲಗೆಯೋ ಗಟ್ಟಿಯಾದ ಮೆಟ್ಟಿಲೋ ಇರಲೇಬೇಕು. ಹಲಗೆಯ ಮೇಲ್ತುದಿಯನ್ನು ವ್ಯಾನಿಗೆ ಬೆಲ್ಟಿನಿಂದ ಕಟ್ಟದೆ ಬೈಕ್ ಹತ್ತಿಸಬಾರದು, ಹಿಂಚಕ್ರದ ಒತ್ತಡಕ್ಕೆ ಅದು ಹಿಂದಕ್ಕೆ ಜಾರಿ ಬೀಳುತ್ತದೆ.

ಬಾಗಿಲು, ಗೋಡೆ, ಕೊಕ್ಕೆ

ಹಿಂದೆ ಎರಡು ರೆಕ್ಕೆಯ ಬಾಗಿಲೋ, ಮೇಲಕ್ಕೆತ್ತುವ ಒಂದೇ ಬಾಗಿಲೋ ಎಂಬುದು ಅಭಿರುಚಿಯ ಪ್ರಶ್ನೆಯಂತೆ ಕಂಡರೂ ಹಾಗಲ್ಲ. ಮೇಲೆತ್ತುವ ಬಾಗಿಲು ಮಳೆಯಲ್ಲಿ ಆಸರೆಯಾಗುತ್ತದೆ, ಆದರೆ ಹಿಂದೆ ಸಾಕಷ್ಟು ಖಾಲಿ ಜಾಗವಿಲ್ಲದಿದ್ದರೆ ತೆರೆಯುವುದೇ ಇಲ್ಲ. ಎತ್ತರದವರು ತಲೆ ತಗ್ಗಿಸಿಕೊಂಡು ಬೈಕ್ ತಳ್ಳಬೇಕಾಗುತ್ತದೆ. ಎರಡು ರೆಕ್ಕೆಯ ಬಾಗಿಲುಗಳನ್ನು ಪಕ್ಕಕ್ಕೆ ಪೂರ್ತಿ ಮಡಚಿ ನಿಲ್ಲಿಸಬಹುದು, ಹ್ಯಾಂಡಲ್‌ಬಾರ್ ದಾಟಲು ದಾರಿ ಅಗಲವಾಗುತ್ತದೆ. ಬೈಕಿಗೆ ನನ್ನ ಮತ ಇವುಗಳಿಗೇ. ಪಕ್ಕದ ಜಾರುಬಾಗಿಲು ಬೈಕ್ ಹೇರುವುದಕ್ಕೆ ಬೇಕಾಗದಿದ್ದರೂ ಮುಂದಿನ ಬೆಲ್ಟುಗಳನ್ನು ಕಟ್ಟುವಾಗ ಅದರ ಬೆಲೆ ತಿಳಿಯುತ್ತದೆ: ಹಿಂಬಾಗಿಲಿನಿಂದ ಬೈಕ್ ಮೇಲೆ ತೆವಳುವ ಬದಲು ಹೊರಗೆ ನಿಂತು ಕೈಚಾಚಿದರೆ ಸಾಕು.

ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸಾಗಿಸುವಂತಿಲ್ಲ. ಮುಂಚಕ್ರವನ್ನು ಕಚ್ಚಿ ಹಿಡಿಯುವ ಚೌಕಟ್ಟಿನಲ್ಲಿ ಕೂರಿಸಿ, ಮುಂದೆ ಎರಡು, ಹಿಂದೆ ಎರಡು ರಾಚೆಟ್ ಬೆಲ್ಟುಗಳಿಂದ (ಹಿಡಿ ಆಡಿಸಿ ಬಿಗಿಯುವ ಪಟ್ಟಿಗಳಿಂದ) ಜಗ್ಗಿ, ಮುಂದಿನ ಸಸ್ಪೆನ್ಷನ್ ಮೂರನೇ ಒಂದು ಭಾಗದಷ್ಟು ಇಳಿಯುವಂತೆ ಬಿಗಿಯುವುದು ಸಾಮಾನ್ಯ ಪದ್ಧತಿ. ಮುಂದಿನ ಬೆಲ್ಟುಗಳು ಕೆಳಕ್ಕೂ ಹೊರಕ್ಕೂ ಮುಂದಕ್ಕೂ ಎಳೆಯಬೇಕು. ಆದ್ದರಿಂದ ವ್ಯಾನ್ ನೋಡುವಾಗ ನೆಲದ ಕೊಕ್ಕೆಗಳು ಎಷ್ಟಿವೆ ಎಂಬುದಕ್ಕಿಂತ, ನಿಂತ ಬೈಕಿನ ಹ್ಯಾಂಡಲ್‌ಬಾರಿಗಿಂತ ಮುಂದೆ ಎರಡೂ ಪಕ್ಕ ಒಂದೊಂದು ಕೊಕ್ಕೆ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ವ್ಯಾನುಗಳ ಕೊಕ್ಕೆ ಮತ್ತು ತಡೆಗೋಡೆಗಳಿಗೆ ಐಎಸ್‌ಒ 27956 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಹಿಂದಿನ ಮಾಲೀಕರು ತೆಳು ತಗಡಿಗೆ ಸ್ಕ್ರೂ ಹೊಡೆದು ಕೂರಿಸಿದ ಕೊಕ್ಕೆಗಳನ್ನು ನಂಬಬಾರದು. ಹೊಸದಾಗಿ ಕೊಕ್ಕೆ ಹಾಕಿಸುವುದಾದರೆ ಕೊರೆಯುವ ಮುನ್ನ ಗಾಡಿಯ ಅಡಿಯಲ್ಲಿ ಇಂಧನದ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲೆಲ್ಲಿ ಹಾದುಹೋಗಿವೆ ಎಂದು ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಚಾಲಕರ ಹಿಂದಿನ ತಡೆಗೋಡೆಯನ್ನು ಉದ್ದ ಸಿಗಲೆಂದು ತೆಗೆಸಿಹಾಕಿದ ವ್ಯಾನುಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಜೋರು ಬ್ರೇಕಿಗೆ ಬೆಲ್ಟ್ ಕಿತ್ತರೆ ಇನ್ನೂರು ಕಿಲೋ ಬೈಕಿಗೂ ಚಾಲಕರ ಬೆನ್ನಿಗೂ ನಡುವೆ ಇರುವುದು ಆ ಗೋಡೆಯೊಂದೇ. ಟ್ಯಾಂಕಿನಿಂದ ಹೊರಡುವ ಪೆಟ್ರೋಲ್ ವಾಸನೆಯನ್ನು ತಡೆಯುವುದೂ ಅದೇ. ಉದ್ದ ಸಾಲದಿದ್ದರೆ ಉದ್ದನೆಯ ವ್ಯಾನ್ ಕೊಳ್ಳುವುದು ಸರಿಯಾದ ದಾರಿ.

ಹಳೆಯ ಗಾಡಿಯ ಸ್ಥಿತಿ

ಮಾದರಿಗಳಿಗೆ ಅಂಟಿಕೊಂಡ ಕೆಲವು ದೂರುಗಳು ಎಲ್ಲರಿಗೂ ತಿಳಿದಂಥವೇ. 1995ರಿಂದ 2006ರವರೆಗಿನ ಮೊದಲ ತಲೆಮಾರಿನ ಸ್ಪ್ರಿಂಟರ್‌ಗಳ ಎಂಜಿನ್ ಬಹುಕಾಲ ಬಾಳುತ್ತದೆ, ಒಡಲು ಅದಕ್ಕಿಂತ ಮೊದಲೇ ತುಕ್ಕಿಗೆ ಬಲಿಯಾಗುತ್ತದೆ. ಎರಡನೇ ತಲೆಮಾರಿನ ಟ್ರಾಫಿಕ್‌ನ ಆರು ಗೇರಿನ ಗೇರ್‌ಬಾಕ್ಸಿನಲ್ಲಿ ಬೇರಿಂಗ್ ಸವೆದು ಸದ್ದು ಬರುವುದುಂಟು. ಪರೀಕ್ಷಾ ಓಟದಲ್ಲಿ ಮೇಲಿನ ಗೇರುಗಳಲ್ಲಿ ಆಕ್ಸಲರೇಟರ್ ಒತ್ತಿ ಬಿಟ್ಟು ಕಿವಿಗೊಟ್ಟು ಕೇಳಬೇಕು. ಟಿ5ರ 180 ಅಶ್ವಶಕ್ತಿಯ ಜೋಡಿ ಟರ್ಬೊ ಎಂಜಿನ್ ವಿಪರೀತ ಎಂಜಿನ್ ಆಯಿಲ್ ಕುಡಿಯುವುದಕ್ಕೆ ಹೆಸರುವಾಸಿ; ಅದಕ್ಕಿಂತ ಕಡಿಮೆ ಶಕ್ತಿಯ, ಒಂದೇ ಟರ್ಬೊ ಇರುವ ಎಂಜಿನ್ ಬೈಕ್ ಸಾಗಣೆಗೆ ಧಾರಾಳವಾಗಿ ಸಾಕು. ಆರಂಭದ ವರ್ಷಗಳ ಡುಕಾಟೊದಲ್ಲಿ ರಿವರ್ಸ್ ಗೇರಿನಲ್ಲಿ ಏರು ಹತ್ತುವಾಗ ಗಾಡಿ ನಡುಗುವ ತೊಂದರೆಯಿತ್ತು, ಮುಂಗಾಜಿನ ಕೆಳಗಿನಿಂದ ಮಳೆನೀರು ಎಂಜಿನ್ ಮೇಲೆ ಸೋರುವುದೂ ಇತ್ತು. 2016ರಿಂದ ಬಂದ ಫೋರ್ಡಿನ 2.0 ಲೀಟರ್ ಇಕೋಬ್ಲೂ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಎಂಜಿನ್ ತೈಲದಲ್ಲಿ ನೆನೆದುಕೊಂಡೇ ಓಡುತ್ತದೆ. ತೈಲ ಬದಲಾವಣೆ ತಪ್ಪಿದ ಗಾಡಿಗಳಲ್ಲಿ ಆ ಬೆಲ್ಟ್ ಅವಧಿಗೆ ಮುಂಚೆಯೇ ಹಾಳಾಗುವುದರಿಂದ ಸರ್ವಿಸ್ ದಾಖಲೆಯಿಲ್ಲದ ಇಂಥ ವ್ಯಾನನ್ನು, ಬೆಲೆ ಎಷ್ಟೇ ಇಳಿದರೂ, ಬಿಟ್ಟುಬಿಡುವುದು ಲೇಸು.

ಡೀಸೆಲ್ ವ್ಯಾನುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಆಗಾಗ ಕಾದು ಸುಟ್ಟು ಶುದ್ಧವಾಗಲು ಗಾಡಿ ಸ್ವಲ್ಪ ಹೊತ್ತು ನಿರಂತರ ವೇಗದಲ್ಲಿ ಓಡಬೇಕು. ಊರೊಳಗೆ ಮನೆಮನೆಗೆ ಪಾರ್ಸೆಲ್ ಹಂಚಿದ ವ್ಯಾನ್ ಕಡಿಮೆ ಕಿಲೋಮೀಟರ್ ತೋರಿಸಿದರೂ ಅದರ ಕ್ಲಚ್, ಜಾರುಬಾಗಿಲಿನ ರೋಲರ್, ಈ ಫಿಲ್ಟರ್ ಎಲ್ಲವೂ ಬಳಲಿರುತ್ತವೆ. ಹೆದ್ದಾರಿಯಲ್ಲಿ ಎರಡು ಪಟ್ಟು ಓಡಿದ, ಒಂದೇ ಸಂಸ್ಥೆಯ ಕೈಯಲ್ಲಿದ್ದು ಹೊತ್ತಿಗೆ ಸರಿಯಾಗಿ ಸರ್ವಿಸ್ ಆದ ವ್ಯಾನ್ ಎಷ್ಟೋ ಸಲ ಅದಕ್ಕಿಂತ ಮೇಲು.

ತುಕ್ಕನ್ನು ಹೊರಗಿನ ಬಣ್ಣದಲ್ಲಿ ಹುಡುಕಿದರೆ ಸಾಲದು. ಸರಕಿನ ನೆಲಕ್ಕೆ ಹಾಸಿದ ಪ್ಲೈವುಡ್ಡಿನ ಒಂದು ಮೂಲೆಯನ್ನಾದರೂ ಎತ್ತಿ ನೋಡಲು ಕೇಳಬೇಕು. ಒದ್ದೆ ಸರಕು, ಉಪ್ಪುನೀರು, ತೊಳೆದ ನೀರು ಎಲ್ಲವೂ ಅಲ್ಲಿ ತಂಗಿ ಕೆಳಗಿನ ತಗಡನ್ನು ಸದ್ದಿಲ್ಲದೆ ತಿಂದಿರುತ್ತವೆ. ಮೂಲೆಯಲ್ಲಿ ಕಂದು ಪುಡಿ ಕಂಡರೆ ನೆಲದ ಕೊಕ್ಕೆಗಳನ್ನು ಬಲವಾಗಿ ಜಗ್ಗಿ ನೋಡಿ; ಸುತ್ತಲಿನ ತಗಡು ಸ್ವಲ್ಪ ಅಲುಗಿದರೂ ಆ ವ್ಯಾನ್ ಬೈಕಿಗೆ ಯೋಗ್ಯವಲ್ಲ, ಏಕೆಂದರೆ ಬೆಲ್ಟುಗಳ ಪೂರ್ತಿ ಎಳೆತ ಬೀಳುವುದು ಅಲ್ಲಿಯೇ. ಹಿಂಚಕ್ರದ ಗೂಡುಗಳ ಒಳಮೈ, ಬಾಗಿಲುಗಳ ಕೆಳಅಂಚು, ಜಾರುಬಾಗಿಲಿನ ಹಳಿ, ಗಾಡಿಯಡಿಯಲ್ಲಿ ಸ್ಪ್ರಿಂಗ್ ಕಟ್ಟುವ ಜಾಗ ಇವನ್ನೂ ಟಾರ್ಚ್ ಹಿಡಿದು ನೋಡಬೇಕು. ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲು ಮಾಡಿ ನೋಡುವುದು ಒಳಿತು. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ ಹೊರಡಬಹುದು.

ಭಾರ ಹೊರುವ ಸಾಮರ್ಥ್ಯದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮಧ್ಯಮ ಮತ್ತು ದೊಡ್ಡ ವ್ಯಾನುಗಳಿಗೆ ಎರಡು ಬೈಕಿನ ತೂಕ ಲೆಕ್ಕಕ್ಕೇ ಇಲ್ಲ. ಒಳಗೆ ಮಂಚ, ಕಪಾಟು, ನೀರಿನ ಟ್ಯಾಂಕ್ ಎಂದೆಲ್ಲ ಕಟ್ಟಿಸಿದ ಗಾಡಿಯಾದರೆ ಮಾತ್ರ ತೂಕಸೇತುವೆಯ ಮೇಲೆ ನಿಲ್ಲಿಸಿ ನೋಡಿದರೆ ಒಳ್ಳೆಯದು. ವಿಮೆಯಲ್ಲಿ ಒಳಗಿನ ಬೈಕಿಗೂ ರಕ್ಷಣೆಯಿದೆಯೇ, ಹಳೆಯ ಡೀಸೆಲ್ ಗಾಡಿಗಳಿಗೆ ನಿಮ್ಮ ನಗರದಲ್ಲಿ ಪ್ರವೇಶ ನಿರ್ಬಂಧವಿದೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಕೊನೆಗೆ ಎರಡು ವ್ಯಾನುಗಳ ನಡುವೆ ಮನಸ್ಸು ಓಲಾಡುತ್ತಿದ್ದರೆ ಮಾತುಕತೆಗೆ ಬೈಕನ್ನೂ ಹಲಗೆಯನ್ನೂ ಒಯ್ದು, ಹಣ ಕೊಡುವ ಮುಂಚೆ ಎರಡರಲ್ಲೂ ಒಮ್ಮೆ ಹೇರಿ ನೋಡುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ. ಅದಕ್ಕೆ ಅವಕಾಶವಿಲ್ಲದಿದ್ದರೆ ಬೈಕಿನ ಎತ್ತರಕ್ಕೂ ಹ್ಯಾಂಡಲ್‌ಬಾರಿನ ಅಗಲಕ್ಕೂ ಸಮನಾಗಿ ಕತ್ತರಿಸಿದ ಎರಡು ಕೋಲುಗಳನ್ನು, ಬೈಕಿನ ಉದ್ದದ ಒಂದು ಹಗ್ಗವನ್ನು ಜೊತೆಗೆ ಒಯ್ಯಿರಿ. ಉದ್ದನೆಯ ಕೋಲನ್ನು ಹಿಂಬಾಗಿಲಿನ ಚೌಕಟ್ಟಿನಡಿ ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಅಡ್ಡ ಹಿಡಿದು ಒಳಗೆ ಸಾಗಿಸಿ, ಹಗ್ಗವನ್ನು ತಡೆಗೋಡೆಯಿಂದ ಮುಚ್ಚಿದ ಬಾಗಿಲಿನವರೆಗೆ ಎಳೆದು ನೋಡಿದರೆ ಹತ್ತು ನಿಮಿಷದೊಳಗೆ ಉತ್ತರ ಸಿಗುತ್ತದೆ.